ಹೊಂಗೆಕೊಳದ ಎರಡು ದಡ

ಮಕ್ಕಳೇ, ಕಾಡಿನ ಅಂಚಿನಲ್ಲಿ ಒಂದು ಹಳ್ಳ, ಹಳ್ಳದ ಉದ್ದಕ್ಕೂ ಐದು ಕೊಳಗಳು. ಕೊಳಗಳ ತುಂಬ ಕಪ್ಪೆಗಳ ಸಂಸಾರ. ಯಾವುದೋ ಕಾಲದಲ್ಲಿ ಎಲ್ಲಾ ಕೊಳದ ಹಿರಿಯರು ಸೇರಿ ಒಂದು ಕೂಟ ಕಟ್ಟಿಕೊಂಡಿದ್ದರು. ಕೂಟದ ಸಭೆ ನಡೆಯುತ್ತಿದ್ದದ್ದು ದೊಡ್ಡಕೊಳದಲ್ಲಿ.

ನಮ್ಮ ಜವರಪ್ಪ ಹೊಂಗೆಕೊಳದ ಕಪ್ಪೆ. ಕೆಟ್ಟವನಲ್ಲ. ಗಂಟಲು ದೊಡ್ಡದು, ಮೂಗಿನ ತುದಿಯಲ್ಲೇ ಕೋಪ, ಅಷ್ಟೆ. ಅವನ ದೂರಿನಲ್ಲೂ ಹುರುಳಿತ್ತು. ಹೊಂಗೆಕೊಳದ ಏರಿ ಬಿರುಕು ಬಿಟ್ಟಾಗ ಅವನು ನೆರವು ಕೇಳಲು ದೊಡ್ಡಕೊಳಕ್ಕೆ ಹೋಗಿದ್ದ. ಅಲ್ಲಿಯ ಹಿರಿಯರು ಅವನನ್ನು ಮೂರು ದಿನ ಕಾಯಿಸಿ, "ಒಂದು ತಾವರೆ ಎಲೆ ಮೇಲೆ ಎಷ್ಟು ಜನ ಕೂರಬೇಕು ಅನ್ನೋ ವಿಚಾರ ನಡೀತಾ ಇದೆ. ಮುಂದಿನ ಸಭೆಗೆ ಬಾ" ಎಂದು ಸಾಗಹಾಕಿದ್ದರು. ಪಾಪ, ಯಾರಿಗಾದರೂ ಮೈ ಉರಿಯದೆ ಇರುತ್ತದೆಯೇ?

"ಮಳೆ ಬಂದಾಗ ಎಷ್ಟು ಹೊತ್ತು ವಟಗುಟ್ಟಬೇಕು ಅನ್ನೋದಕ್ಕೂ ಅವರ ಅಪ್ಪಣೆ! ನಮ್ಮ ಕೊಳ, ನಮ್ಮ ಗಂಟಲು. ಕೂಟದ ಸಹವಾಸ ಸಾಕು, ಹೊರಗೆ ಬರೋಣ!" ಎಂದು ಜವರಪ್ಪ ಕಲ್ಲಿನಿಂದ ಕಲ್ಲಿಗೆ ಹಾರಿ ಸಾರಿದ.

ಅವನ ಅತ್ತಿಗೆ ಸಾಕಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ.

"ಅಲ್ಲಪ್ಪ, ಅಂಗೈಕೊಳದ ಮಕ್ಕಳ ಗತಿ ಏನು?" ಎಂದಳು.

ಅಂಗೈಕೊಳ ಅಂದರೆ ಐದರಲ್ಲಿ ಎಲ್ಲಕ್ಕಿಂತ ಚಿಕ್ಕ ಕೊಳ. ನೀರು ಆಳವಿಲ್ಲ, ಮರಿ ತಿನ್ನುವ ಮೀನಿಲ್ಲ, ದೊಡ್ಡ ಕಪ್ಪೆಗಳ ವಾಸವೂ ಇಲ್ಲ. ಹಾಗಾಗಿ ಉಳಿದ ನಾಲ್ಕೂ ಕೊಳದ ತಾಯಂದಿರು ಮೊಟ್ಟೆ ಇಡುತ್ತಿದ್ದದ್ದು ಅಲ್ಲೇ. ಗೊದಮೊಟ್ಟೆಗಳಿಗೆ ಕಾಲು ಮೂಡುವ ತನಕ ದಿನಕ್ಕೊಂದು ಕೊಳದವರು ಸರದಿಯ ಮೇಲೆ ಕಾವಲು ಕೂರಬೇಕು. ನೀರುಹಾವು ಬಂದರೆ ಸುತ್ತಲೂ ಕೂತವರೆಲ್ಲ ಒಟ್ಟಿಗೆ ಕೂಗಬೇಕು. ಕೂಗು ಕೇಳಿದ ಮರಿಗಳು ಕೆಸರಿಗಿಳಿದು ಅಡಗಿಕೊಳ್ಳುತ್ತವೆ. ಜವರಪ್ಪನ ಮಕ್ಕಳೂ ಆಗ ಅಲ್ಲಿಯೇ ಇದ್ದರು.

"ಮೊದಲು ಹೊರಗೆ ಬರೋಣ ಅತ್ತಿಗೆ, ಆಮೇಲೆ ಎಲ್ಲಾ ನೋಡಿಕೊಂಡರಾಯಿತು. ಇನ್ಮೇಲೆ ಸರದಿಯೂ ಇಲ್ಲ, ಗಿರದಿಯೂ ಇಲ್ಲ!" ಎಂದ ಜವರಪ್ಪ. ಸುತ್ತಲಿದ್ದವರು ಹೋ ಎಂದರು. ಹೋ ಅನ್ನುವವರಿದ್ದರೆ ಯಾರಿಗೆ ತಾನೆ ಮಾತು ನಿಲ್ಲುತ್ತದೆ?

ಗಲಾಟೆ ಜೋರಾಯಿತು. ಹೊಂಗೆಕೊಳದ ಯಜಮಾನ ಒಬ್ಬ ಮುದಿ ಆಮೆ. "ಎಲ್ಲರನ್ನೂ ಕೇಳಿಯೇಬಿಡೋಣ, ಇವನ ಬಾಯಿ ಒಂದೇ ದಿನಕ್ಕೆ ಮುಚ್ಚುತ್ತೆ" ಎಂದುಕೊಂಡು ಅವನು ಡಂಗುರ ಸಾರಿಸಿದ. "ಕೂಟದಲ್ಲಿ ಉಳಿಯೋಣ ಅನ್ನೋರು ಪಡುವಣ ದಡಕ್ಕೆ ಹೋಗಿ. ಬಿಡೋಣ ಅನ್ನೋರು ಮೂಡಣ ದಡಕ್ಕೆ ಹೋಗಿ."

ಕಪ್ಪೆಗಳು ದುಡುದುಡು ಹಾರಿದವು. ಏಡಿಯಪ್ಪ ಅಡ್ಡಡ್ಡ ನಡೆದು ಎಣಿಸಿದ. ಪಡುವಣದಲ್ಲಿ ಇನ್ನೂರ ಒಂದು. ಮೂಡಣದಲ್ಲಿ ಇನ್ನೂರ ಮೂರು.

ಯಜಮಾನ ಆಮೆ ಒಂದು ಸಲ ಮೂಡಣದ ಕಡೆ ನೋಡಿದ, ಒಂದು ಸಲ ಪಡುವಣದ ಕಡೆ ನೋಡಿದ. ಆಮೇಲೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡ. "ಯಜಮಾನರೇ, ಮುಂದೇನು?" ಎಂದು ಎಲ್ಲರೂ ಚಿಪ್ಪು ತಟ್ಟಿದರು. "ಗೆದ್ದವರನ್ನ ಕೇಳಿ" ಎಂದು ಒಳಗಿನಿಂದ ದನಿ ಬಂತು.

ಹಾಗೆ ಜವರಪ್ಪ ಯಜಮಾನನಾದ. ನಿಜ ಹೇಳಬೇಕೆಂದರೆ, ಗೆಲ್ಲುತ್ತೇನೆಂದು ಅವನೂ ಅಂದುಕೊಂಡಿರಲಿಲ್ಲ.

ಮೂಡಣ ದಡದಲ್ಲಿ ಮೊದಲ ದಿನ ಬರೀ ಹಾಡು. ಎರಡನೆಯ ದಿನ ಜಗಳ. "ಬಿಡೋದು ಅಂದರೆ ಹಳ್ಳಕ್ಕೆ ಅಡ್ಡಗಟ್ಟೆ ಹಾಕೋದು" ಎಂದ ಒಬ್ಬ. "ಅಯ್ಯೋ, ನೀರು ಎಲ್ಲಿಂದ ಬರುತ್ತೋ? ಬಿಡೋದು ಅಂದರೆ ಬೇಕಾದಷ್ಟು ಹೊತ್ತು ವಟಗುಟ್ಟೋದು" ಎಂದ ಇನ್ನೊಬ್ಬ. ಒಟ್ಟಿಗೆ ಹಾರಿ ಬಂದಿದ್ದರು ನಿಜ, ಆದರೆ ಏಕೆ ಬಂದೆವು ಎಂಬುದು ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಥರ ಇತ್ತು. ಪಡುವಣದವರು ಮುಖ ಊದಿಸಿಕೊಂಡು ಕೂತಿದ್ದರು. ತಾಯಿ ಒಂದು ದಡ, ಮಗಳು ಒಂದು ದಡ. ನಡುನೀರಿಗೆ ಯಾರೂ ಇಳಿಯಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಜವರಪ್ಪನಿಗೆ ಥಟ್ಟನೆ ನೆನಪಾಯಿತು. ಅಂಗೈಕೊಳದ ಕಾವಲು ಅವತ್ತು ಹೊಂಗೆಕೊಳದ್ದು!

"ಏಳ್ರೋ, ಹತ್ತು ಜನ ನನ್ನ ಜೊತೆ ಬನ್ನಿ" ಎಂದ.

"ಕೂಟ ಬಿಟ್ಟ ಮೇಲೆ ಕೂಟದ ಕಾವಲು ನಮಗ್ಯಾಕೆ? ಸರದಿಯೂ ಇಲ್ಲ, ಗಿರದಿಯೂ ಇಲ್ಲ ಅಂತ ನೀನೇ ಹೇಳಿದ್ದಲ್ಲ ಯಜಮಾನ!"

ತನ್ನ ಮಾತೇ ತನ್ನ ಕಾಲಿಗೆ ತೊಡರಿತು. ಇವರು ಬಾರದಿದ್ದರೆ ಹೋಗಲಿ, ಎದುರು ದಡದಲ್ಲಿ ಇನ್ನೂರ ಒಂದು ಕಪ್ಪೆಗಳಿದ್ದವು. ಎರಡು ಈಜು ಈಜಿ, "ಅತ್ತಿಗೆ, ಸ್ವಲ್ಪ ಬನ್ನಿ" ಎಂದಿದ್ದರೆ ಸಾಕಿತ್ತು. ಆದರೆ ಗೆದ್ದವನು ಸೋತವರ ಮುಂದೆ ಹಲ್ಲುಗಿಂಜುವುದೇ? ಜವರಪ್ಪ ನೀರಿನ ಅಂಚಿಗೆ ಬಂದ, ಹಿಂದಕ್ಕೆ ಹೋದ, ಮತ್ತೆ ಬಂದ. ಆಚೆ ಸಾಕಮ್ಮನೂ ಅವನನ್ನೇ ನೋಡುತ್ತಿದ್ದಳು. "ಗೆದ್ದವರು ಅವರು, ಅವರೇ ಕಾಯಲಿ. ಬೇಕಾದರೆ ಬಂದು ಕರೆಯಲಿ" ಎಂದು ಬಿಗಿದುಕೊಂಡು ಕೂತಿದ್ದಳು.

ಬಿಸಿಲು ನೆತ್ತಿಗೇರಿತು. ಕಡೆಗೆ ಜವರಪ್ಪ ಒಬ್ಬನೇ ಹಳ್ಳಕ್ಕೆ ಧುಮುಕಿದ.

ಅಂಗೈಕೊಳದ ನೀರು ಆಗಲೇ ಅಲ್ಲಾಡುತ್ತಿತ್ತು. ನೀರುಹಾವು ತಲೆ ಎತ್ತಿ ನಿಧಾನವಾಗಿ ಕೊಳ ಸುತ್ತುತ್ತಿತ್ತು, ಆತುರವೇ ಇಲ್ಲ. ಜವರಪ್ಪ ಗಂಟಲು ಹರಿಯುವಂತೆ ಕೂಗಿದ. ಇಡೀ ಹೊಂಗೆಕೊಳವನ್ನು ಹಾರಿಸಿದ್ದ ಗಂಟಲು ಅದು. ಆದರೆ ನೀರಿನೊಳಗೆ ಕೇಳಿಸಿದ್ದು ಹತ್ತಿರದ ಒಂದು ಮೂಲೆಯ ಮರಿಗಳಿಗೆ ಮಾತ್ರ. ಉಳಿದ ಮೂಲೆಗಳಲ್ಲಿ ಅವು ಏನೂ ತಿಳಿಯದೆ ಬಾಲ ಆಡಿಸಿಕೊಂಡು ಪಾಚಿ ತಿನ್ನುತ್ತಿದ್ದವು.

"ಅತ್ತಿಗೇ! ಅತ್ತಿಗೇ, ಬನ್ನಿ!"

ಅವನ ದನಿಯಲ್ಲಿದ್ದ ನಡುಕ ಹಳ್ಳದ ಮೇಲೆ ಹಾದು ಹೊಂಗೆಕೊಳ ಮುಟ್ಟಿತು. ಸಾಕಮ್ಮ ಮುನಿಸೆಲ್ಲ ಮರೆತು ಹಾರಿದಳು. ಅವಳ ಹಿಂದೆ ಪಡುವಣ ದಡ, ಅದರ ಹಿಂದೆಯೇ ಮೂಡಣ ದಡ. ಎಲ್ಲರೂ ಅಂಗೈಕೊಳದ ಸುತ್ತ ಕೂತು ಒಂದೇ ಉಸಿರಿಗೆ ಕೂಗಿದರು. ಬದುಕಿದ್ದ ಮರಿಗಳು ಸರ್ರನೆ ಕೆಸರಿಗಿಳಿದವು. ಹಾವಿಗೇನು, ಹೊಟ್ಟೆ ತುಂಬಿತ್ತು. ಅದು ಜೊಂಡಿನೊಳಗೆ ಸರಿದುಹೋಯಿತು.

ನೀರು ತಿಳಿಯಾದಾಗ ನೋಡಿದರೆ ಅರ್ಧಕ್ಕರ್ಧ ಕೊಳ ಖಾಲಿ.

"ನನ್ನವು ಎಲ್ಲಿ? ನನ್ನ ಮಕ್ಕಳು ಯಾವುವು?" ಎಂದು ಒಬ್ಬ ತಾಯಿ ಅತ್ತಳು. ಜವರಪ್ಪನೂ ನೀರಿಗೆ ಕಣ್ಣು ತಾಗಿಸಿ ಹುಡುಕಿದ. ಆದರೆ ಮಕ್ಕಳೇ, ಗೊದಮೊಟ್ಟೆಗಳೆಲ್ಲ ಒಂದೇ ಥರ. ಕಪ್ಪು ತಲೆ, ಪುಟ್ಟ ಬಾಲ. ಹಾವಿನ ಪಾಲಾದವು ಮೂಡಣದವರ ಮಕ್ಕಳೋ ಪಡುವಣದವರ ಮಕ್ಕಳೋ ಯಾರಿಗೂ ತಿಳಿಯಲಿಲ್ಲ. ಹೋದವುಗಳಲ್ಲಿ ತನ್ನವು ಎಷ್ಟೆಂದು ಜವರಪ್ಪನಿಗೆ ಕಡೆಯ ತನಕವೂ ಗೊತ್ತಾಗಲಿಲ್ಲ.

"ತಪ್ಪಾಯಿತು ಅತ್ತಿಗೆ" ಎಂದ. "ಗೆದ್ದ ದಿನವೇ ನಾನು ನಿಮ್ಮ ದಡಕ್ಕೆ ಬರಬೇಕಿತ್ತು."

"ನಾನು ಮಾತ್ರ ಏನು ಮಾಡಿದೆ ಜವರಪ್ಪ? ನೀನು ಬಂದು ಕರೀಲಿ ಅಂತ ಕೂತೆ" ಎಂದಳು ಸಾಕಮ್ಮ.

ಕೂಟಕ್ಕೆ ಮತ್ತೆ ಸೇರುವುದೋ ಬೇಡವೋ ಎಂಬ ಮಾತು ಅವತ್ತು ಯಾರ ಬಾಯಲ್ಲೂ ಬರಲಿಲ್ಲ. ಜವರಪ್ಪ ಒಂದು ಮೂಲೆಯಲ್ಲಿ ಕಾವಲು ಕೂತ, ಸಾಕಮ್ಮ ಎದುರು ಮೂಲೆಯಲ್ಲಿ ಕೂತಳು. ಅವರ ನಡುವಿನ ಜಾಗದಲ್ಲೆಲ್ಲ ಎರಡೂ ದಡದವರು ಬೆರೆತು ಕೂತರು. ಉಳಿದ ಮರಿಗಳು ಕೆಸರಿನಿಂದ ಒಂದೊಂದಾಗಿ ಮೇಲೆ ಬಂದವು. ಇವು ಯಾರ ಮಕ್ಕಳೆಂದು ಯಾರೂ ಕೇಳಲಿಲ್ಲ.

ನೀತಿ: ಗೆಲುವು ಒಂದು ದಡದ್ದಾಗಬಹುದು, ನಷ್ಟ ಎರಡೂ ದಡದ್ದು. ಕೂದಲೆಳೆಯ ಅಂತರದಲ್ಲಿ ಗೆದ್ದವನು ಮೊದಲು ಹೋಗಬೇಕಾದದ್ದು ಸೋತವರ ಬಳಿಗೆ.