ಪುರ್ಸು ಹಾಕಿದ ಕಗ್ಗಂಟು

ಹೂಂಗುಟ್ಟುವವರು ಮುಂದೆ ಬನ್ನಿ, ನಂಬದವರು ಹಿಂದೆ ಕೂತುಕೊಳ್ಳಿ. ಕೊಕ್ಕರೆಕೇರಿಯ ಕಡಲು ಅಂದರೆ ಅಂತಿಂಥ ಕಡಲಲ್ಲ. ಬೇರೆ ಊರುಗಳಲ್ಲಿ ತೆರೆ ಬರುತ್ತದೆ, ಹೋಗುತ್ತದೆ. ನಮ್ಮೂರಲ್ಲಿ ತೆರೆ ಎದ್ದು ನಿಂತು, ನಿಮ್ಮ ಮುಖ ನೋಡಿ, ಆಮೇಲೆ ಬೀಳುತ್ತದೆ! ಇಂಥ ಕಡಲು ಇನ್ನೊಂದಿದ್ದರೆ ಯಾರಾದರೂ ತೋರಿಸಲಿ, ಕೇರಿಗೆ ಕೇರಿಯೇ ಮೀಸೆ ಬೋಳಿಸಿಕೊಳ್ಳುತ್ತದೆ.

ಆ ಕಡಲ ದಂಡೆಯಲ್ಲಿ ಮಾಸ್ತಮ್ಮ ಅಂತ ಒಬ್ಬಳಿದ್ದಳು. ಅವಳ ಗಂಡ ಒಂದು ದಿನ ದೋಣಿ ತೆಗೆದುಕೊಂಡು ಹೋದ. ತೆರೆ ಹೊಡೆದು ಕೈಯಲ್ಲಿದ್ದ ಹುಟ್ಟು ಹಾರಿತು. ದೋಣಿ ತಿರುಗಿ ಬಂತು, ಅವನು ಬರಲಿಲ್ಲ. ಉಳಿದವನು ಒಬ್ಬನೇ ಮಗ, ಪುರ್ಸು. ಆಳು ನೋಡಿದರೆ ಸಾಗುವಾನಿ ಮರ. ತೋಳು ನೋಡಿದರೆ ಒನಕೆ. ತಲೆ ಮಾತ್ರ ತಿರುಳಿಲ್ಲದ ಗರಟೆ! ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆಯಿಲ್ಲ.

ಹಾಗಂತ ಮನೆಯಲ್ಲಿ ಕೂರಿಸಿದರೆ ಹೊಟ್ಟೆಗೇನು? ಕೇರಿಯವರಿಗೆ ಕಡಲೇ ಗದ್ದೆ. ಮಗನನ್ನು ಕಡಲಿಗೆ ಕಳಿಸಬೇಕು. ಕಳಿಸಿದ ಮಗ ತಿರುಗಿ ಬರಬೇಕು. ಮಾಸ್ತಮ್ಮನಿಗೆ ದೇವರಲ್ಲಿ ಬೇಡಲು ಇದ್ದದ್ದು ಅದೊಂದೇ.

ಪುರ್ಸು ಅಪ್ಪನ ಪಾತಿದೋಣಿ ತಳ್ಳಿಕೊಂಡು ಹೋದ. ಪಾತಿದೋಣಿಯೆಂದರೆ ಒಬ್ಬನೇ ಕೂರುವ ಸಪೂರ ದೋಣಿ; ಉಗುಳು ನುಂಗಿದರೂ ಓಲಾಡುತ್ತದೆ. ತೆರೆ ಬಂತು, ಹುಟ್ಟು ಹೋಯಿತು. ಇನ್ನೊಂದು ತೆರೆ ಬಂತು, ನೀರು ಮೊಗೆದು ಚೆಲ್ಲುವ ಮರಿಗೆ ಹೋಯಿತು. ಪುರ್ಸು ಅಂಗೈಯಲ್ಲೇ ನೀರು ಬಡಿದುಕೊಂಡು ದಡಕ್ಕೆ ಬಂದ.

"ಹುಟ್ಟೆಲ್ಲೋ?"

"ಕಡಲು ಕೇಳ್ತು. ಕೊಟ್ಟೆ."

"ಮರಿಗೆ?"

"ಅದನ್ನ ಕೇಳ್ಳಿಲ್ಲ ಅವ್ವಾ, ತಾನೇ ತಗೊಂಡ್ತು!"

ಮಾಸ್ತಮ್ಮ ಹಣೆ ಹಣೆ ಚಚ್ಚಿಕೊಂಡಳು. "ಎಮ್ಮೆ! ಕೋಣನಂಥ ಎಮ್ಮೆ! ನಿನ್ನಪ್ಪ ಹೋದದ್ದೂ ಹೀಗೇ. ಸಡಿಲ ಇದ್ದದ್ದೆಲ್ಲ ಕಡಲಿನ ಪಾಲು ಕಣೋ. ಕಟ್ಟಬೇಕು! ದೋಣಿಯಲ್ಲಿರೋದನ್ನೆಲ್ಲ ಕಗ್ಗಂಟು ಹಾಕಿ ಕಟ್ಟಬೇಕು!"

"ಹಾಗೇ ಆಗ್ಲಿ ಅವ್ವಾ."

ಮರುದಿನ ಪುರ್ಸು ಕಟ್ಟಿದ. ಹುಟ್ಟನ್ನು ದೋಣಿಯ ಹಲಗೆಗೆ ಬಿಗಿದ. ಮರಿಗೆಯನ್ನು ತಳಕ್ಕೆ ಬಿಗಿದ. ಬುತ್ತಿಯ ಡಬ್ಬಿಯನ್ನು ಮುಚ್ಚಳ ಸಮೇತ ಬಿಗಿದ. ಎಲ್ಲದಕ್ಕೂ ಕಗ್ಗಂಟು! ಇಳಿತದ ನೀರು ದೋಣಿಯನ್ನು ಎಳೆದುಕೊಂಡು ಹೊರಟಿತು. ಹುಟ್ಟು ಹಾಕೋಣವೆಂದರೆ ಹುಟ್ಟು ಏಳದು. ನೀರು ಚೆಲ್ಲೋಣವೆಂದರೆ ಮರಿಗೆ ಏಳದು. ಉಣ್ಣೋಣವೆಂದರೆ ಬುತ್ತಿ ಬಿಚ್ಚದು. ಸೊಂಟದವರೆಗೆ ನೀರು ತುಂಬಿದ ದೋಣಿಯಲ್ಲಿ ಪುರ್ಸು ರಾಜನ ಹಾಗೆ ಕೂತಿದ್ದ. ಬಲೆ ಬಿಡಲು ಹೋದವರು ಕಂಡು ಎಳೆದು ತಂದರು.

"ಎಮ್ಮೆ! ಕಟ್ಟಿದ್ದು ಕೈಗೆ ಬರಬೇಡ್ವೇನೋ? ಹುಟ್ಟಿಗೆ ಒಂದು ತೋಳುದ್ದ ಹಗ್ಗ ಬಿಡು! ಎಳೆದ್ರೆ ಬಿಚ್ಚೋ ಗಂಟು ಹಾಕು!"

"ಹಾಗೇ ಆಗ್ಲಿ ಅವ್ವಾ."

ಹುಟ್ಟಿಗೆ ತೋಳುದ್ದ ಹಗ್ಗ ಬಿಟ್ಟ. ಮರಿಗೆಗೂ ಬಿಟ್ಟ. ಭಲೇ! ಮೀನು ಹಿಡಿದು ಸರಿಯಾಗಿಯೇ ದಡಕ್ಕೆ ಬಂದ. ದಡದಲ್ಲಿ ದೋಣಿಯನ್ನು ಗೂಟಕ್ಕೆ ಕಟ್ಟಿದ. ಎಂಥ ಗಂಟು? ಎಳೆದರೆ ಬಿಚ್ಚುವ ಗಂಟು! ಭರತದ ನೀರು ದೋಣಿ ಎತ್ತಿತು, ಇಳಿತದ ನೀರು ಎಳೆಯಿತು. ಗಂಟು ಬಿಚ್ಚಿತು. ದೋಣಿ ಹೊರಟಿತು. ಪುರ್ಸು ದಡದಲ್ಲಿ ನಿಂತು ಚಪ್ಪಾಳೆ ತಟ್ಟಿದ. "ಅವ್ವಾ, ಬಾ ನೋಡು! ನೀ ಹೇಳಿದ ಗಂಟು ಎಷ್ಟು ಚಂದ ಬಿಚ್ಚುತ್ತೆ!"

ಮಾಸ್ತಮ್ಮ ಸೀರೆ ಎತ್ತಿ ಕಟ್ಟಿ, ಕುತ್ತಿಗೆಮಟ್ಟ ನೀರಿಗಿಳಿದು ದೋಣಿ ಹಿಡಿದು ತಂದಳು. ಉಸಿರು ತಿರುಗಿದ ಮೇಲೆ ಬೈಗುಳ ತಿರುಗಿತು.

"ಎಮ್ಮೆ! ದೋಣಿ ಕಟ್ಟೋದು ಬೇರೆ, ಹುಟ್ಟು ಕಟ್ಟೋದು ಬೇರೆ! ದೋಣೀನ ಅಲ್ಲಾಡದ್ದಕ್ಕೆ ಕಟ್ಟು, ಕಗ್ಗಂಟು ಹಾಕು. ಆಕಾಶ ಬಿದ್ರೂ ದೋಣಿ ಕೈಬಿಡಬೇಡ!"

"ಹಾಗೇ ಆಗ್ಲಿ ಅವ್ವಾ."

ಅಲ್ಲಾಡದ್ದು ಅಂದರೆ ಯಾವುದು? ಪುರ್ಸು ಮರುದಿನ ದಡದಲ್ಲೆಲ್ಲ ಹುಡುಕಿದ. ಗೂಟ ಹಿಡಿದು ಅಲ್ಲಾಡಿಸಿದ, ಅಲ್ಲಾಡಿತು. ತೆಂಗಿನಮರ ಗಾಳಿಗೆ ಅಲ್ಲಾಡುತ್ತಿತ್ತು. ಹುಡುಕುತ್ತ ಹುಡುಕುತ್ತ ಬಂದರೆ, ನೆರಳಿನಲ್ಲಿ ತಾಂಡೇಲ ಹಮ್ಮಣ್ಣ ಮಲಗಿದ್ದ. ತಾಂಡೇಲನೆಂದರೆ ದೊಡ್ಡ ದೋಣಿಯ ಯಜಮಾನ, ಕೇರಿಗೇ ಹಿರಿಯ. ಉಂಡು ಮಲಗಿದರೆ ಭೂಮಿ ಅಲ್ಲಾಡಿದರೂ ಹಮ್ಮಣ್ಣ ಅಲ್ಲಾಡ ಅಂತ ಊರೇ ಹೇಳುತ್ತಿತ್ತು.

ಪುರ್ಸು ದೋಣಿಯ ಹಗ್ಗವನ್ನು ಹಮ್ಮಣ್ಣನ ಕಾಲಿಗೆ ಕಟ್ಟಿದ. ಕಗ್ಗಂಟು ಹಾಕಿದ.

ಭರತದ ನೀರು ಬಂದು ಇಳಿಯತೊಡಗಿತು. ದೋಣಿ ಹೊರಟಿತು. ಹಮ್ಮಣ್ಣನೂ ಹೊರಟ! ಮರಳ ಮೇಲೆ ಬೆನ್ನು ಉಜ್ಜಿಕೊಂಡು, ಒಣಹಾಕಿದ ಮೀನಿನ ನಡುವೆ ದಾರಿ ಮಾಡಿಕೊಂಡು, ಗೊರಕೆ ಹೊಡೆಯುತ್ತಲೇ ಹೊರಟ! ಎಚ್ಚರವಾದದ್ದು ಬಾಯಿಗೆ ಉಪ್ಪುನೀರು ನುಗ್ಗಿದ ಮೇಲೆ.

"ಯಾವನೋ ಅವನು!"

"ನಾನು, ಹಮ್ಮಣ್ಣ. ನೀವು ಅಲ್ಲಾಡೋದಿಲ್ಲ ಅಂದ್ರು. ಅಲ್ಲಾಡಿದ್ರಲ್ಲ! ಊರವರು ಸುಳ್ಳರು."

"ಎಮ್ಮೆ! ಊರೆಮ್ಮೆ! ಮನುಷ್ಯನಿಗೆ ದೋಣಿ ಕಟ್ತಾರೇನೋ? ಈಜು ಕಲಿಯೋ ಮಕ್ಕಳ ಸೊಂಟಕ್ಕೆ ಒಣಕಾಯಿ ಕಟ್ಟೋದು ನೋಡಿಲ್ವಾ? ಮನುಷ್ಯನಿಗೆ ಕಟ್ಟೋದಾದ್ರೆ ತೇಲೋದನ್ನ ಕಟ್ಟು, ಮುಳುಗಿಸೋದನ್ನಲ್ಲ!"

"ಹಾಗೇ ಆಗ್ಲಿ ಹಮ್ಮಣ್ಣ."

ಕೆಲವು ದಿನ ಕಳೆಯಿತು. ಹಮ್ಮಣ್ಣನ ದೋಣಿಯಲ್ಲಿ ಹುಟ್ಟು ಹಾಕುವವನೊಬ್ಬ ಜ್ವರ ಬಂದು ಮಲಗಿದ. ಪುರ್ಸುವಿನಂಥ ತೋಳು ಕೇರಿಯಲ್ಲಿ ಇನ್ನೊಬ್ಬನಿಗಿಲ್ಲ. ಹಮ್ಮಣ್ಣ ಹಲ್ಲು ಕಚ್ಚಿಕೊಂಡು ಕರೆದ. "ಬಾ. ಹುಟ್ಟು ಹಾಕು. ಬೇರೇನೂ ಮಾಡಬೇಡ ಮಾರಾಯ, ಕೈಮುಗೀತೇನೆ."

ಪುರ್ಸು ಬರುವಾಗ ಹೆಗಲ ಮೇಲೆ ಒಂದು ಗೋಣಿಚೀಲ. ಒಳಗೆ ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿ.

"ಎಂತಕ್ಕೋ? ಚಟ್ನಿಗಾ?" ದೋಣಿಯವರು ನಕ್ಕರು. ಮಾಸ್ತಮ್ಮ ನಗಲಿಲ್ಲ. ದಡದಲ್ಲಿ ನಿಂತು ಅಂದಳು: "ದೋಣಿ ಕೈಬಿಡಬೇಡ ಮಗಾ."

ದೂರ ಹೋದರು. ಬಲೆ ಬಿಟ್ಟರು. ಬಲೆ ತುಂಬುವವರೆಗೆ ಎಲ್ಲರೂ ದೋಣಿಯಲ್ಲೇ ಒರಗಿ ನಿದ್ದೆ ಹೋದರು. ಪುರ್ಸು ಎದ್ದ. ಹುಟ್ಟುಗಳಿಗೆಲ್ಲ ತೋಳುದ್ದ ಹಗ್ಗ ಕಟ್ಟಿದ. ಮಲಗಿದವರ ಸೊಂಟ ಸೊಂಟಕ್ಕೂ ಒಣಕಾಯಿ ಕಟ್ಟಿದ. ಕಗ್ಗಂಟು ಹಾಕಿದ. ಹಮ್ಮಣ್ಣನ ಹೊಟ್ಟೆ ದೊಡ್ಡದು, ಒಂದು ಕಾಯಿ ಹೆಚ್ಚೇ ಕಟ್ಟಿದ.

ಎದ್ದು ನೋಡಿದರೆ ಎಲ್ಲರೂ ಗೊನೆ ಬಿಟ್ಟ ತೆಂಗಿನಮರಗಳು!

"ಬಿಚ್ಚೋ ಎಮ್ಮೆ!" ಹಮ್ಮಣ್ಣ ಗುಡುಗಿದ. ಪುರ್ಸು ಹಾಕಿದ ಗಂಟು, ಬಿಚ್ಚುತ್ತದೆಯೇ? ಉಗುರು ಮುರಿಯಿತು, ಗಂಟು ಸಡಿಲಲಿಲ್ಲ. ಹಮ್ಮಣ್ಣ ಕತ್ತಿಗೆ ಕೈಹಾಕಿದ.

ಅಷ್ಟರಲ್ಲಿ ಗಾಳಿ ನಿಂತಿತು. ಹಕ್ಕಿಗಳು ಇರಲಿಲ್ಲ. ಪಡುವಣದಲ್ಲಿ ಆಕಾಶಕ್ಕೂ ನೀರಿಗೂ ನಡುವೆ ಇದ್ದ ಗೆರೆ ಅಳಿಸಿಹೋಗಿತ್ತು. ಹಮ್ಮಣ್ಣ ಕತ್ತಿ ಹಿಡಿದವನು ಹಿಡಿದ ಹಾಗೇ ನಿಂತ. ಅಷ್ಟು ವರ್ಷ ಕಡಲು ಕಂಡವನು, ಎರಡು ಕೈ ಜೋಡಿಸಿದ. "ಅಮ್ಮಾ, ತಾಯೀ" ಅಂದ, ಅಷ್ಟೇ.

ಕಡಲು ಎದ್ದು ನಿಂತಿತು. ಗುಡ್ಡವೇ ನಡೆದು ಬಂದ ಹಾಗೆ ಬಂತು. ಅದರ ಹಸಿರು ಹೊಟ್ಟೆಯೊಳಗೆ ಮೀನುಗಳು ಹೊಳೆಯುವುದು ಕಾಣುತ್ತಿತ್ತಂತೆ! ಸಾಯುವ ಹೊತ್ತಿನಲ್ಲೂ ಕಣ್ಣು ಮುಚ್ಚಲು ಮನಸ್ಸು ಬರಲಿಲ್ಲವಂತೆ! ಒಂದೇ ಏಟು. ದೋಣಿ ಮಗುಚಿತು.

ದಡದಲ್ಲಿ ಕೇರಿಯೆಲ್ಲ ಸೇರಿತ್ತು. ಆಮೇಲೆ ನೊರೆಯ ನಡುವೆ ಒಂದು ತಲೆ ಕಂಡಿತು. ಇನ್ನೊಂದು ಕಂಡಿತು. ಈಜಿ ಸೋತ ಕೈ ಎತ್ತಲಾರದವರನ್ನೂ ಒಣಕಾಯಿ ಎತ್ತಿ ಹಿಡಿದಿತ್ತು. ತೆರೆ ಒಬ್ಬೊಬ್ಬರನ್ನೇ ತಂದು, ನೈವೇದ್ಯದ ಕಾಯಿ ಇಟ್ಟ ಹಾಗೆ ಮರಳಿನ ಮೇಲೆ ಇಟ್ಟು ಹೋಯಿತು. ಕೊನೆಗೆ ಹಮ್ಮಣ್ಣ ಉರುಳಿ ಬಂದ.

"ನನ್ನ ಮಗ ಎಲ್ಲಿ?" ಮಾಸ್ತಮ್ಮ ಕೇಳಿದಳು.

ಹಮ್ಮಣ್ಣ ತಲೆ ತಗ್ಗಿಸಿದ. "ಅವನ ಸೊಂಟದಲ್ಲಿ ಕಾಯಿ ಇರ್ಲಿಲ್ಲ, ಮಾಸ್ತಮ್ಮ."

ಅವಳು ಅಳಲಿಲ್ಲ. ಗಂಡ ಹೋದ ದಿನ ನಿಂತಿದ್ದ ಜಾಗದಲ್ಲೇ ಹೋಗಿ ನಿಂತಳು. ಆವತ್ತು ಖಾಲಿ ದೋಣಿ ಬಂದಿತ್ತು. ಇವತ್ತು ದೋಣಿಯೂ ಇಲ್ಲ. ಒಂದು ತೆರೆ ಬಂತು, ಖಾಲಿ. ಇನ್ನೊಂದು ಬಂತು, ಖಾಲಿ. ಮತ್ತೊಂದು, ಎಲ್ಲಕ್ಕಿಂತ ದೊಡ್ಡದು, ಎದ್ದು ನಿಂತು ಕೇರಿಯ ಮುಖ ನೋಡಿತು. ಅದರ ನೆತ್ತಿಯ ಮೇಲೆ ಬೋರಲು ಬಿದ್ದ ದೋಣಿ! ದೋಣಿಯ ಬೆನ್ನನ್ನು ಎರಡೂ ತೋಳಲ್ಲಿ ತಬ್ಬಿ ಮಲಗಿದ್ದವನು ಪುರ್ಸು! ದೋಣಿಗೆ ಕಟ್ಟಿದ ಹುಟ್ಟುಗಳು ಸುತ್ತಲೂ ನಾಯಿಮರಿಗಳ ಹಾಗೆ ಹಿಂಬಾಲಿಸುತ್ತಿದ್ದವು.

ತೆರೆ ದೋಣಿಯನ್ನು ದಡಕ್ಕೆ ಹಾಕಿತು. ಜನ ಪುರ್ಸುವಿನ ಬೆರಳು ಬಿಡಿಸಲು ಹೋದರು. ಬಿಡ.

"ಬಿಡೋ ಮಗಾ," ಮಾಸ್ತಮ್ಮ ಅಂದಳು. ಆಗ ಬಿಟ್ಟ.

"ಎಲ್ಲರಿಗೂ ಕಾಯಿ ಕಟ್ಟಿದೆಯಲ್ಲ, ನಿನಗ್ಯಾಕೆ ಕಟ್ಟಿಕೊಳ್ಳಲಿಲ್ಲ?" ಹಮ್ಮಣ್ಣ ಕೇಳಿದ.

"ಮನುಷ್ಯನಿಗೆ ಕಟ್ಟು ಅಂದ್ರಿ. ನಾನು ಎಮ್ಮೆ ಅಲ್ವಾ?"

ಕೇರಿಗೆ ಕೇರಿಯೇ ಕಾಲ ಬೆರಳು ನೋಡಿಕೊಂಡಿತು. ಹಮ್ಮಣ್ಣ ಅವನ ತಲೆಯ ಮರಳು ಕೊಡವಿದ. "ನೀನು ಮನುಷ್ಯ ಕಣೋ, ತಮಾ. ನಮಗಿಂತ ದೊಡ್ಡ ಮನುಷ್ಯ."

ಮಾಸ್ತಮ್ಮ ಮಾತ್ರ ಬೈದಳು. ಅಳುತ್ತ ಬೈದಳು. "ಇನ್ನು ನೀರಿಗಿಳಿಯೋ ಮುಂಚೆ ನಿನಗೂ ಕಟ್ಟಿಕೋ! ಕಟ್ಟದೆ ನೀರು ಮುಟ್ಟಿದ್ಯೋ, ನೋಡು! ಈಗ ಮನೆಗೆ ನಡಿ, ಬಿಸಿನೀರು ಮೀಯಿ."

"ಹಾಗೇ ಆಗ್ಲಿ ಅವ್ವಾ."

ಮನೆಗೆ ಬಂದರು. ಪುರ್ಸು ಬಚ್ಚಲಿಗೆ ಹೋದ. ಎಷ್ಟು ಹೊತ್ತಾದರೂ ನೀರಿನ ಸದ್ದಿಲ್ಲ. ಮಾಸ್ತಮ್ಮ ಇಣುಕಿದಳು. ಹಂಡೆಯನ್ನು ಕಂಬಕ್ಕೆ ಕಟ್ಟಿದ್ದಾನೆ, ಕಗ್ಗಂಟು. ಚೊಂಬನ್ನು ಕೈಗೆ ಕಟ್ಟಿದ್ದಾನೆ, ತೋಳುದ್ದ ಹಗ್ಗ. ಸೊಂಟದ ಸುತ್ತ ಒಣಕಾಯಿ. ಇನ್ನೆರಡು ಕಾಯಿ ಕೈಯಲ್ಲಿ ಹಿಡಿದು ಕಾಯುತ್ತಿದ್ದಾನೆ.

"ಅವ್ವಾ, ನಿಲ್ಲು! ಹಾಗೇ ಬರಬೇಡ, ನೀರಿದೆ! ನೀನೂ ಮನುಷ್ಯಳಲ್ವಾ?"

ಮಾಸ್ತಮ್ಮ ಬೈಯಲು ಬಾಯಿ ತೆರೆದಳು. ಮುಚ್ಚಿದಳು. ಹತ್ತಿರ ಬಂದು ಸೆರಗು ಸರಿಸಿ ನಿಂತಳು.

"ಕಟ್ಟು ಮಗಾ."

ಕಟ್ಟಿದ. ಮರುದಿನ ಮಾಸ್ತಮ್ಮ ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋದಾಗಲೂ ಸೊಂಟದಲ್ಲಿ ಎರಡು ಒಣಕಾಯಿ ಗಳಗಳ ಅಂತಿದ್ದವು. ಪುರ್ಸು ಹಾಕಿದ ಗಂಟು, ಬಿಚ್ಚುತ್ತದೆಯೇ?