ಏಳದವ್ವನ ಬಂಡೆ

ಕಂಚೋಬನಹಳ್ಳಿಯ ಅಗಸೆಬಾಗಿಲು ದಾಟಿ ಬಲಕ್ಕೆ ಹತ್ತು ಮಾರು ನಡೆದರೆ ಒಂದು ದೊಡ್ಡ ಕರಿಬಂಡೆ ಸಿಗುತ್ತದೆ. ಅದರ ನೆತ್ತಿಯಲ್ಲಿ ಬೊಗಸೆಯಗಲದ ಕುಳಿ. ಎದುರಿಗೆ, ಕೂಗಳತೆಯಲ್ಲಿ, ಹಳೆಯ ಗೌಡರ ಮನೆಯ ಬಾಗಿಲುವಾಡವೊಂದೇ ನಿಂತಿದೆ. ಗೋಡೆಗಳು ಬಿದ್ದು ಎಷ್ಟೋ ಕಾಲವಾಯಿತು. ಈ ಬಂಡೆಗೆ ಏಳದವ್ವನ ಬಂಡೆ ಎಂದು ಹೆಸರು. ಇಟ್ಟವರು ಯಾವ ಪುಣ್ಯಾತ್ಮರೋ ಗೊತ್ತಿಲ್ಲ.

ಹಿಂದೆ ಒಮ್ಮೆ ಈ ಊರಿನಲ್ಲಿ ಪಾಲಕ್ಕ ಎಂಬ ಮದ್ದಿನವಳಿದ್ದಳು. ಕಾಮಾಲೆಗೆ ಅವಳ ಕೈಯ ಮದ್ದೇ ಆಗಬೇಕೆಂದು ಮೂರು ದಿನದ ದಾರಿಯಿಂದ ಜನ ಬರುತ್ತಿದ್ದರಂತೆ. ವಿದ್ಯೆ ಬಂದದ್ದು ಅಜ್ಜಿಯಿಂದ. ಹನ್ನೆರಡು ವರ್ಷ ಅಜ್ಜಿಯ ಬೆನ್ನ ಹಿಂದೆ ಗುಡ್ಡ ಸುತ್ತಿ, ಒಂದೊಂದು ಸೊಪ್ಪನ್ನೂ ಮೊದಲು ತಾನೇ ಅಗಿದು, ಕಹಿ ನಾಲಗೆಯ ಯಾವ ಕಡೆ ಹತ್ತುತ್ತದೆ ಎಂಬುದರಿಂದ ಗಿಡದ ಗುರುತು ಹಿಡಿಯಲು ಕಲಿತಳು. ಉಗುರು ನೋಡಿ ರೋಗ ಎಷ್ಟು ದಿನದ್ದೆಂದು ಹೇಳಲು ಕಲಿತಳು. ಕೊನೆಗೆ ಅಜ್ಜಿ ಒಂದು ಆಣೆ ಹಾಕಿಸಿಕೊಂಡಳು. ರೋಗವೆಂದರೆ ಮನೆಗೆ ಬಂದ ನೆಂಟ. ಆ ಮನೆಯ ಯಜಮಾನ ಎಲೆ ಅಡಿಕೆ ಹಿಡಿದು ಬಂದು ಕರೆದರೆ ಮಾತ್ರ ಅದನ್ನು ಸಾಗಹಾಕಬಹುದು. ಕರೆಯದೆ ಹೋಗಿ ಕೊಟ್ಟ ಮದ್ದಿಗೆ ರೋಗ ಒಳಗೆ ಅಡಗಿ, ಎರಡರಷ್ಟಾಗಿ ಮೇಲೇಳುತ್ತದೆ. ರೋಗಿಯ ಕರೆ ಕರೆಯಲ್ಲ, ಅದು ನೋವಿನ ಮಾತು. ಪಾಲಕ್ಕ ಇದನ್ನು ನಂಬಿದಳು. ನಂಬದವಳು ಮದ್ದು ಅರೆಯುವುದಾದರೂ ಹೇಗೆ?

ಅವಳ ಒಬ್ಬಳೇ ಮಗಳು ಕೆಂಚವ್ವನನ್ನು ಊರ ಗೌಡ ಬೊಮ್ಮಯ್ಯನಿಗೆ ಕೊಟ್ಟಿತ್ತು. ಗೌಡನ ತಾಯಿ ಹಾಸಿಗೆ ಹಿಡಿದಾಗ ಅವನೇ ಕರೆದದ್ದಕ್ಕೆ ಪಾಲಕ್ಕ ಹೋಗಿ ಉಗುರು ನೋಡಿ, ಇದಕ್ಕೆ ನನ್ನಲ್ಲಿ ಮದ್ದಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದಳು. ಮುದುಕಿ ಸತ್ತಳು. ಬೇಕೆಂದೇ ಮದ್ದು ಕೊಡಲಿಲ್ಲ ಎಂದು ಗೌಡ ಹಲ್ಲು ಕಡಿದ. ತಾಯಿ ಮಗಳ ನಡುವೆ ಮಾತೂ ಆಡಗೊಡಲಿಲ್ಲ. ವರ್ಷ ತಿರುಗುವುದರೊಳಗೆ ಒಂದು ದಿನ ಕೆಂಚವ್ವ ಬಾವಿಗೆ ಬಂದಳು. ಹಗ್ಗ ಹಿಡಿದ ಅವಳ ಬೆರಳುಗಳನ್ನು ಪಾಲಕ್ಕ ಆಚೆ ಬದಿಯಿಂದಲೇ ನೋಡಿದಳು. ಉಗುರು ಅರಿಸಿನವಾಗಿತ್ತು.

ಮರುದಿನ ಬೆಳಗ್ಗೆ ಪಾಲಕ್ಕ ಸೊಪ್ಪು ತಂದು, ಗೌಡನ ಬಾಗಿಲಿಗೆ ಎದುರಾಗಿ ಈ ಬಂಡೆಯ ಮೇಲೆ ಕೂತಳು. ಕಾಮಾಲೆಯ ಮದ್ದನ್ನು ಅರೆದ ದಿನವೇ ಕುಡಿಯಬೇಕು. ಹಾಗಾಗಿ ದಿನಾ ಬೆಳಗ್ಗೆ ಅರೆಯುವಳು, ಹೊತ್ತು ಮುಳುಗುವಾಗ ಚೆಲ್ಲುವಳು. ಊರವರು ಗೌಡನಿಗೆ ಹೇಳಿದರು. ಬಾಗಿಲೇನೂ ಹಾಕಿಲ್ಲ, ಬರುವುದಾದರೆ ಬರಲಿ, ನಾನೇಕೆ ಅವಳ ಮುಂದೆ ಎಲೆ ಹಿಡಿದು ನಿಲ್ಲಲಿ ಎಂದನಂತೆ ಅವನು. ಇತ್ತ ಪಾಲಕ್ಕನನ್ನು ಕೇಳಿದರೆ, ಕರೆದರೆ ಬರುತ್ತೇನೆ ಎಂಬ ಒಂದೇ ಮಾತು. ಇಬ್ಬರ ನಡುವೆ ಓಡಾಡಿ ಊರು ಕಾಲು ಸವೆಸಿತೇ ಹೊರತು, ಎರಡು ವೀಳ್ಯದೆಲೆ ತಂದು ಅವನ ಕೈಗೆ ತುರುಕುವ ಗಂಡಸು ಅಲ್ಲಿ ಒಬ್ಬನೂ ಇರಲಿಲ್ಲ.

ಎಂಟನೆಯ ದಿನ ಕೆಂಚವ್ವನೇ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಅವ್ವಾ, ನಾನೇ ಕರೀತಿದೀನಿ, ಬಾರವ್ವ."

ಪಾಲಕ್ಕ ಅರ್ಧ ಎದ್ದಳು ಎನ್ನುತ್ತಾರೆ. ಈಗ ಹೋಗಿ ಕುಡಿಸಿದರೆ ತನ್ನ ಕೈಯಿಂದಲೇ ಮಗಳು ಸಾಯುತ್ತಾಳೆ ಎಂಬ ಹೆದರಿಕೆ ಅವಳನ್ನು ತಡೆಯಿತು. ಮತ್ತೆ ಕೂತಳು.

"ನೀನಲ್ಲ ಮಗಳೇ, ನಿನ್ನ ಗಂಡನ್ನ ಕಳಿಸು."

ಹತ್ತನೆಯ ದಿನ ಕೆಂಚವ್ವನ ಮಾತು ನಿಂತಿತು. ಆಗ ಬೊಮ್ಮಯ್ಯ ಬರಿಗಾಲಲ್ಲಿ, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಬಂದ. ಅವನು ಬಂಡೆ ಮುಟ್ಟುವಷ್ಟರಲ್ಲಿ ಹಿಂದೆ ಮನೆಯೊಳಗಿಂದ ಹೆಂಗಸರ ಗೋಳು ಎದ್ದಿತು. ಪಾಲಕ್ಕ ಮದ್ದನ್ನು ಬಂಡೆಯ ಮೇಲೆ ಸುರಿದಳು.

"ಈಗ ಬಂದ್ರಾ ಗೌಡ್ರೇ?" ಎಂದಳು.

ಆಮೇಲೆ ಅವಳು ಅನ್ನ ನೀರು ಮುಟ್ಟಲಿಲ್ಲ, ಅಲ್ಲಿಂದ ಏಳಲೂ ಇಲ್ಲ. ಅವಳ ವಿದ್ಯೆ ಅವಳೊಂದಿಗೇ ಹೋಯಿತು.

ಅವಳು ಏಳಲಿಲ್ಲವೆಂದು ಬಂಡೆಗೆ ಹೆಸರಿಟ್ಟರು. ಕರೆಯದವನ ಹೆಸರಿನಲ್ಲಿ ಈ ಊರಿನಲ್ಲಿ ಒಂದು ಕಲ್ಲೂ ಇಲ್ಲ. ಈಗ ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಯಜಮಾನನೇ ತಟ್ಟೆ ಹಿಡಿದು ಬರುತ್ತಾನೆ. ಅವಳು ಅರೆದೂ ಅರೆದೂ ಬಿತ್ತೆನ್ನುವ ಆ ಕುಳಿಗೆ ನೀರೆರೆದು, ಏಳವ್ವ, ಬಾರವ್ವ ಎಂದು ಮೂರು ಸಲ ಕರೆದು ಹೋಗುತ್ತಾನೆ. ವರ್ಷವಿಡೀ ಬಂಡೆಯ ತುಂಬ ವೀಳ್ಯದೆಲೆಗಳು ಬಾಡಿ ಬಿದ್ದಿರುತ್ತವೆ. ಅಂದು ಬೇಕಾಗಿದ್ದದ್ದು ಎರಡೇ.