ಒಂದು ಬುಟ್ಟಿಯ ಊರು

ಕರಿಹೊಳೆ ಸಮುದ್ರ ಸೇರುವ ಅಳಿವೆಯ ಬಡಗಣ ದಂಡೆಯಲ್ಲಿ ಜನ ದೋಣಿ ಹತ್ತಿ ದಾಟುವ ಹಂದೆಕೋಡಿಯ ಕಡವು ಇದೆ. ಕಡವಿನಿಂದ ಪೂರ್ವಕ್ಕೆ ಇನ್ನೂರು ಹೆಜ್ಜೆ ನಡೆದರೆ ಮೊಣಕಾಲೆತ್ತರದ ಒಂದು ಮಣ್ಣಿನ ದಿಬ್ಬ ಸಿಗುತ್ತದೆ. ಸುತ್ತಲಿನ ನೆಲವೆಲ್ಲ ಕೆಂಪು ಜಂಬಿಟ್ಟಿಗೆಯದು. ದಿಬ್ಬದ ಮಣ್ಣು ಮಾತ್ರ ಬೂದಿಬಣ್ಣದ್ದು. ಅಲ್ಲಿ ಗುಡಿಯಿಲ್ಲ, ಬರೆದ ಕಲ್ಲಿಲ್ಲ, ಯಾರೂ ದೀಪ ಹಚ್ಚುವುದಿಲ್ಲ. ಊರವರು ಅದನ್ನು ಬುಟ್ಟಿಯೂರು ಎನ್ನುತ್ತಾರೆ. ಹೊಸಬರು ಬುಟ್ಟಿಯೂರಿಗೆ ದಾರಿ ಕೇಳಿಕೊಂಡು ಬಂದು, ದಿಬ್ಬದ ಎದುರೇ ನಿಂತು, ಊರೆಲ್ಲಿ ಎಂದು ಮತ್ತೊಮ್ಮೆ ಕೇಳುವುದುಂಟು. ಒಂದು ಬುಟ್ಟಿ ಮಣ್ಣಿಗೆ ಇಷ್ಟು ಎತ್ತರ ಬಂದೀತೆ ಎಂದು ಶಾಲೆಯ ಮಕ್ಕಳು ಕೇಳುತ್ತಾರೆ. ಬರಲಾರದು ಎಂದೇ ನಾನು ಹೇಳುತ್ತೇನೆ. ಹಂದೆಕೋಡಿಯ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿದ ನಾನು ಈ ಐತಿಹ್ಯವನ್ನು ಇಬ್ಬರಿಂದ ಕೇಳಿದ್ದೇನೆ: ಕಡವಿನಲ್ಲಿ ದೋಣಿ ನಡೆಸುತ್ತಿದ್ದ ಸಣ್ಣು ಅಂಬಿಗರಿಂದ, ಮತ್ತು ತೆಂಕಣ ದಂಡೆಯಲ್ಲಿ ಹುಟ್ಟಿ ಬೆಳೆದ ನನ್ನ ಹೆಂಡತಿಯಿಂದ. ಇಬ್ಬರ ಕತೆಯೂ ಒಂದೇ; ಕೊನೆಯ ಒಂದು ಮಾತಿನಲ್ಲಿ ಮಾತ್ರ ಬೇರೆಯಾಗುತ್ತದೆ.

ಹಿಂದೆ ಒಮ್ಮೆ ಒಂದು ದೊಡ್ಡ ನೆರೆಯ ವರ್ಷ ಅಳಿವೆಯ ನಡುವೆ ಹೊಸ ನೆಲ ಎದ್ದಿತಂತೆ. ನೆಲವೆಂದರೆ ಗಟ್ಟಿ ನೆಲವಲ್ಲ. ಇಳಿತದಲ್ಲಿ ಕಾಣಿಸಿ ಭರತದಲ್ಲಿ ಮುಳುಗುವ ಉಪ್ಪುಕೆಸರು. ಬಡಗಣ ದಂಡೆಯ ನಾಯಕನಾಗಲಿ ತೆಂಕಣ ದಂಡೆಯ ಅರಸನಾಗಲಿ ಅದು ತನ್ನದೆಂದು ಹೇಳಲಿಲ್ಲ. ಯಾರದೂ ಅಲ್ಲದ ನೆಲಕ್ಕೆ ಎಲ್ಲಿಯೂ ನೆಲೆಯಿಲ್ಲದವರು ಬಂದರು. ಒಡೆಯನ ಮನೆ ಬಿಟ್ಟು ಓಡಿದವರು, ಕುಲದಿಂದ ಹೊರಗೆ ಹಾಕಿಸಿಕೊಂಡವರು, ದಂಡಿನಿಂದ ತಪ್ಪಿಸಿಕೊಂಡವರು. ಅವರು ಕೆಸರಿನ ಸುತ್ತ ಒಡ್ಡು ಕಟ್ಟಿದರು. ಹೊರಗಿನ ನೀರನ್ನು ತಡೆದು ಒಳಗಿನ ನೀರನ್ನು ಬಿಡಲು ಒಡ್ಡಿಗೆ ಒಂದು ಹಲಗೆಬಾಗಿಲು ಇಟ್ಟರು. ಒಳಗೆ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬಿತ್ತಿದರು. ಅಲ್ಲಿ ಕಟ್ಟಳೆ ಒಂದೇ ಇತ್ತು ಎನ್ನುತ್ತಾರೆ. ಬಂದವರು ತಾವು ಹುಟ್ಟಿದ ಜಾಗದ ಒಂದು ಬುಟ್ಟಿ ಮಣ್ಣು ತಂದು ಒಡ್ಡಿಗೆ ಹಾಕಬೇಕು. ಪೆಟ್ಟುಮಣೆಯಿಂದ ಬಡಿದು ಗಟ್ಟಿಮಾಡಿ, ಅಲ್ಲಿ ತಮ್ಮ ಗುರುತಿನ ಗೂಟ ನೆಡಬೇಕು. ಅಂದಿನಿಂದ ಅವರು ಊರವರು, ಗದ್ದೆಯಲ್ಲಿ ಒಂದು ಪಾಲು ಅವರದು. ಊರು ಬಿಡುವವರು ತಮ್ಮ ಬುಟ್ಟಿ ಮಣ್ಣನ್ನು ಅಗೆದು ಒಯ್ಯಬೇಕು. ಆಮೇಲೆ ಅವರು ಊರವರಲ್ಲ. ಖಾಲಿಯಾದ ಜಾಗವನ್ನು ಮುಂದೆ ಬರುವ ಹೊಸಬರ ಮಣ್ಣಿನಿಂದಲೇ ತುಂಬಬೇಕು. ಈ ಕಟ್ಟಳೆಯ ಮೇಲೆ ಹದಿನೇಳು ಮನೆಗಳು ಹತ್ತೊಂಬತ್ತು ವರ್ಷ ಬಾಳಿದವು. ಆ ಊರಿಗೆ ಹೆಸರಿರಲಿಲ್ಲ. ಎರಡೂ ದಂಡೆಯವರು ಅದನ್ನು 'ಆಚೆ' ಎನ್ನುತ್ತಿದ್ದರು.

ಹಲಗೆಬಾಗಿಲು ಕೂರಿಸಿದ ವರ್ಷ ಬಂದವಳು ಬೀರಮ್ಮ. ಬಡಗಣ ನಾಯಕನ ಕೋಟೆಯಲ್ಲಿ ಅಡುಗೆಮನೆಯ ಹುಟ್ಟಾಳು. ಅವಳ ತಾಯಿಯೂ, ತಾಯಿಯ ತಾಯಿಯೂ ಅಲ್ಲಿಯೇ ಪಾತ್ರೆ ತಿಕ್ಕುತ್ತ ಸತ್ತವರು. ಬೀರಮ್ಮ ಒಂದು ಮುಂಜಾನೆ ಹಿತ್ತಲಿನ ಬೂದಿ ಬೆರೆತ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು, ಕಸ ಚೆಲ್ಲಲು ಹೋಗುವವಳಂತೆ ಹೊರಟು, ಹಿಂದೆ ಬರಲಿಲ್ಲ. ಅವಳ ಮಣ್ಣು ಬಾಗಿಲಿನ ಬಲ ಹೆಗಲಿಗೆ, ಹಲಗೆ ಒಡ್ಡಿಗೆ ಕೂಡುವ ಕಡೆಗೆ, ಬಿತ್ತು. ಬೂದಿ ಬೆರೆತ ಜಿಗಟು ಮಣ್ಣು, ಕಲ್ಲಿನಂತೆ ಕೂತಿತು. ದಿನವೂ ಇಳಿತದ ಹೊತ್ತಿಗೆ ಒಡ್ಡಿನ ಸುತ್ತ ನಡೆದು ಏಡಿಯ ಬಿಲಗಳನ್ನು ಮುಚ್ಚುವುದು ಅವಳ ಕೆಲಸವಾಯಿತು. ಯಾರೂ ಹೇಳಿದ್ದಲ್ಲ, ಅವಳೇ ವಹಿಸಿಕೊಂಡದ್ದು.

ಹತ್ತೊಂಬತ್ತನೆಯ ವರ್ಷ, ಮಳೆಗಾಲ ಹಿಂದಾಗುವ ಸಮಯದಲ್ಲಿ, ನಾಯಕನ ಕರಣಿಕ ದೋಣಿಯಲ್ಲಿ ಬಂದ. ನಿಮ್ಮ ಊರನ್ನು ಊರೆಂದು ಒಪ್ಪುತ್ತೇವೆ, ತಾಮ್ರದ ಹಲಗೆಯ ಮೇಲೆ ಹೆಸರು ಕೊರೆಸಿ ಕೊಡುತ್ತೇವೆ, ಆಮೇಲೆ ಎರಡೂ ದಂಡೆಯವರು ನಿಮ್ಮನ್ನು ಮುಟ್ಟುವಂತಿಲ್ಲ, ಎಂದ. ಬದಲಿಗೆ ನಾಯಕ ಕೇಳಿದ್ದು ಒಂದೇ: ಓಡಿಹೋದ ಅಡುಗೆಮನೆಯ ಹೆಂಗಸು. ಹದಿನೇಳು ಮನೆಯವರೂ ಒಡ್ಡಿನ ಮೇಲೆ ಸೇರಿದರು. ಆದರೆ ಸಂಜೆಯೆಲ್ಲ ಹೆಸರಿನ ಜಗಳದಲ್ಲೇ ಕಳೆಯಿತಂತೆ. ಹಿರಿಯನಾದ ಜಟ್ಟಪ್ಪ, ಜಟ್ಟಿಪುರ ಎಂದರೆ ಕಿವಿಗೆ ಹಿತವಾಗಿರುತ್ತದೆ ಎಂದ. "ಮನೆಯಲ್ಲಿ ಹೆಂಡತಿ ನಿನ್ನ ಮಾತು ಕೇಳುದಿಲ್ಲ, ಇನ್ನು ಊರು ನಿನ್ನ ಹೆಸರು ಹೊರ್ತದಾ?" ಎಂದಳು ಅವನ ನಾದಿನಿ. ಎಲ್ಲರೂ ನಕ್ಕರು. ಕರಣಿಕನೂ ನಕ್ಕು, ಹೆಸರಿನ ಜಾಗ ಖಾಲಿ ಬಿಡುತ್ತೇನೆ, ನಾಳೆ ಹೇಳಿ, ಎಂದು ಹೊರಟುಹೋದ. ಬೀರಮ್ಮನ ವಿಷಯವನ್ನು ಯಾರೂ ಎತ್ತಲಿಲ್ಲ. ಎತ್ತದೆ ಇದ್ದುದರಿಂದಲೇ ಅದು ತೀರ್ಮಾನವಾಗಿತ್ತು.

ಮರುದಿನ ಹುಣ್ಣಿಮೆ. ಬೇರೆ ವಿಶೇಷವೇನೂ ಇಲ್ಲದ ದಿನ. ಹೆಂಗಸರು ಚಿಪ್ಪು ಆರಿಸಲು ಕೆಸರಿಗೆ ಇಳಿದಿದ್ದರು, ಯಾರೋ ಮಾಡಿಗೆ ಹೊಸ ಹುಲ್ಲು ಹೊದೆಸುತ್ತಿದ್ದರು. ಬೆಳಗಿನ ಇಳಿತದಲ್ಲಿ ಬೀರಮ್ಮ ಒಡ್ಡು ಸುತ್ತಿ ಬರುವಷ್ಟರಲ್ಲಿ ನಾಯಕನ ಬಂಟನೊಬ್ಬ ಇಬ್ಬರು ಹುಟ್ಟುಗಾರರೊಡನೆ ಬಂದು ನಿಂತಿದ್ದ. ಜಟ್ಟಪ್ಪನ ಕೈಯಲ್ಲಿ ಗುದ್ದಲಿ ಇತ್ತು. ಅವಳಿಗೆ ಅರ್ಥವಾಯಿತು. ಅವಳು ಅಳಲಿಲ್ಲ, ಯಾರ ಕಾಲಿಗೂ ಬೀಳಲಿಲ್ಲ ಎನ್ನುತ್ತಾರೆ. "ನನ್ನನ್ನು ಕೊಡುದಾದರೆ ಕೊಡಿ, ಜಟ್ಟಣ್ಣ. ಮಣ್ಣು ಮಾತ್ರ ಇಲ್ಲೇ ಇರಲಿ. ನಾನು ಎಲ್ಲಿದ್ದರೂ ಇಲ್ಲಿಯವಳು ಅಂತ ಇರಲಿ," ಎಂದಳು. ಜಟ್ಟಪ್ಪ ತಲೆಯೆತ್ತಲಿಲ್ಲ. "ಮಣ್ಣು ಇಲ್ಲಿದ್ದರೆ ನೀನು ಊರವಳು, ತಂಗಿ. ಊರವಳನ್ನೇ ಹಿಡಿದುಕೊಟ್ಟರೆ ನಮ್ಮದು ಊರು ಹೇಗಾದೀತು?" ಎಂದ. ಕಟ್ಟಳೆ ಮೀರಲು ಅವರಿಗೆ ಮನಸ್ಸಿರಲಿಲ್ಲ. ಅದಕ್ಕಾಗಿಯೇ ಗೂಟ ಕಿತ್ತರು, ಹೆಗಲಿನ ಮಣ್ಣು ಅಗೆದರು, ಒಂದು ಹಿಡಿಯೂ ಕಡಿಮೆಯಾಗದಂತೆ ಬುಟ್ಟಿ ತುಂಬಿ ಅವಳ ಮಡಿಲಿಗೆ ಇಟ್ಟರು. ಕುಳಿ ಮುಚ್ಚಲು ಜಟ್ಟಪ್ಪನ ಭಾವ ತನ್ನ ಅಂಗಳದ ಮಣ್ಣು ತಂದ. "ಎರಡು ಬುಟ್ಟಿ ಹಾಕಿ ಎರಡು ಪಾಲು ಹೊಡಿಲಿಕ್ಕಾ? ಸುಮ್ನೆ ಕೂತ್ಕೋ ಮಾರಾಯ!" ಎಂದು ಯಾರೋ ಕೂಗಿದರು. ಕಟ್ಟಳೆಯಂತೆ ಅದು ಸರಿಯಾದ ಮಾತೇ. ಹೊಸಬರು ಯಾರಾದರೂ ಬರುವವರೆಗೆ ಇರಲೆಂದು ಕುಳಿಗೆ ಒಂದು ಹೊರೆ ಹುಲ್ಲು ತುರುಕಿದರು.

ಹುಣ್ಣಿಮೆಯ ದೊಡ್ಡ ಭರತ ನಮ್ಮ ಅಳಿವೆಯಲ್ಲಿ ನಡುಹಗಲಿಗೆ ತುಂಬುತ್ತದೆ. ದೋಣಿ ಬಡಗಣ ದಂಡೆಯನ್ನು ಸಮೀಪಿಸುವ ಹೊತ್ತಿಗೆ ನೀರು ಏರುತ್ತಿತ್ತು. ಬೀರಮ್ಮ ಊರಿನ ಕಡೆಗೇ ಮುಖಮಾಡಿ ಕೂತಿದ್ದಳು. ಬಾಗಿಲಿನ ಬಲಗಡೆ, ಹುಲ್ಲು ತುರುಕಿದ ಕುಳಿಯಲ್ಲಿ, ಕೈಯಗಲದ ಒಂದು ಹೊಳಪು ಅವಳಿಗೆ ಕಂಡಿತು. ಹತ್ತೊಂಬತ್ತು ವರ್ಷ ಆ ಒಡ್ಡನ್ನು ನೋಡಿದ ಕಣ್ಣು. ಅದು ನೀರೆಂದು ಗೊತ್ತಾಗಲು ಎರಡನೆಯ ಸಲ ನೋಡಬೇಕಾಗಿರಲಿಲ್ಲ. "ದೋಣಿ ತಿರುಗಿಸಿ. ಒಂದೇ ಬುಟ್ಟಿಯ ಕುಳಿ. ಮಣ್ಣು ನನ್ನ ಹತ್ತಿರ ಇದೆ," ಎಂದಳು. ಹುಟ್ಟುಗಾರರು ಬಂಟನ ಮುಖ ನೋಡಿದರು. ಬಂಟ ನಕ್ಕ: "ಇವಳ ಚಂದ ಕಾಣಿ! ಹೊರಗೆ ದಬ್ಬಿದ ಮನೆಯ ಬಾಗಿಲಿಗೇ ತೋರಣ ಕಟ್ತಾಳಂತೆ." ಅವಳು ಮತ್ತೆ ಹೇಳಿದಳು, ಆಮೇಲೆ ಕೂಗಿದಳು, ಆಮೇಲೆ ಬುಟ್ಟಿಯನ್ನು ತಲೆಯ ಮೇಲೆತ್ತಿ ಊರಿನವರಿಗೆ ತೋರಿಸಿದಳು. ಒಡ್ಡಿನ ಮೇಲಿದ್ದವರು ಅದನ್ನು ಕಂಡು ಕೈ ಬೀಸಿದರು ಎಂದು ಸಣ್ಣು ಅಂಬಿಗರು ಹೇಳುತ್ತಿದ್ದರು. ಅವಳು ವಿದಾಯ ಹೇಳುತ್ತಿದ್ದಾಳೆ ಎಂದು ಊರವರು ಅಂದುಕೊಂಡಿದ್ದರು.

ಮೊದಲು ಹುಲ್ಲಿನ ಹೊರೆ ಹೋಯಿತು. ಆಮೇಲೆ ಬಲ ಹೆಗಲು, ಆಮೇಲೆ ಹಲಗೆಗಳು. ಒಡ್ಡು ಒಂದು ಕಡೆ ಬಾಯಿಬಿಟ್ಟ ಮೇಲೆ ಉಳಿದ ಬುಟ್ಟಿಗಳ ಮಣ್ಣು ಯಾರದು, ಎಷ್ಟು ಗಟ್ಟಿ ಎಂಬುದು ಮುಖ್ಯವಾಗಲಿಲ್ಲ. ದಂಡೆಯಿಂದ ನೋಡಿದವರಿಗೆ ಹದಿನೇಳು ಮಾಡುಗಳು ಒಂದೊಂದಾಗಿ ನೆಲ ಬಿಟ್ಟು ಏಳುವುದು ಕಂಡಿತು. ಹೊಸ ಹುಲ್ಲು ಹೊದೆಸಿದ ಮಾಡು ಎಲ್ಲಕ್ಕಿಂತ ಹೆಚ್ಚು ಹೊತ್ತು ತೇಲಿತಂತೆ. ನೆರಳು ಪೂರ್ವಕ್ಕೆ ತಿರುಗುವಷ್ಟರಲ್ಲಿ ಅಳಿವೆ ಇಪ್ಪತ್ತು ವರ್ಷದ ಹಿಂದೆ ಹೇಗಿತ್ತೋ ಹಾಗೆ ಆಯಿತು. ಎಷ್ಟು ಜನ ಸತ್ತರು, ಎಷ್ಟು ಜನ ಈಜಿ ಎರಡು ದಂಡೆ ಸೇರಿದರು ಎಂಬುದಕ್ಕೆ ಆಧಾರವಿಲ್ಲ. ಉಳಿದವರು ತಾವು ಅಲ್ಲಿಯವರೆಂದು ಎಲ್ಲಿಯೂ ಹೇಳಿಕೊಳ್ಳಲಿಲ್ಲ. ಹೇಳಲು ಊರಿಗೆ ಹೆಸರೂ ಇರಲಿಲ್ಲ.

ದೋಣಿ ದಂಡೆಗೆ ತಾಗಿದಾಗ ಬೀರಮ್ಮ ಇಳಿದು, ಭರತದ ನೀರು ಮುಟ್ಟದ ಎತ್ತರಕ್ಕೆ ನಡೆದು, ಬುಟ್ಟಿಯನ್ನು ಅಲ್ಲಿ ಬೋರಲು ಹಾಕಿ, ಆ ಮಣ್ಣಿನ ಮೇಲೆ ಕೂತಳು. ಏಳು ಎಂದ ಬಂಟ. "ಇದು ನಮ್ಮ ಊರು. ನಿಮ್ಮ ನಾಯಕರ ಮಾತು ಇಲ್ಲಿಗೆ ಬರುದಿಲ್ಲ," ಎಂದಳು. ಒಂದು ಊರು ನೀರಾದುದನ್ನು ಆಗಷ್ಟೇ ಕಂಡಿದ್ದ ಬಂಟನಿಗೆ ಅವಳ ಮೈ ಮುಟ್ಟಲು ಧೈರ್ಯ ಬರಲಿಲ್ಲ. ಮರುದಿನ ನಾಯಕ ಸ್ವತಃ ಬಂದು, ದೂರದಲ್ಲಿ ನಿಂತು ನೋಡಿ ಹೋದನಂತೆ. ಅವಳನ್ನು ಕರೆಯಲು ಮತ್ತೆ ಯಾರೂ ಬರಲಿಲ್ಲ. ಕಡವಿಗೆ ಹೋಗಿ ಬರುವವರು ಅವಳನ್ನು ತೋರಿಸಿ ಬುಟ್ಟಿಯೂರಿನವಳು ಎನ್ನತೊಡಗಿದರು. ಮೊದಲು ಗೇಲಿಗೆ, ಆಮೇಲೆ ಅದೇ ಹೆಸರಾಯಿತು. ಹೀಗೆ ಹದಿನೇಳು ಮನೆಯವರು ಆಸೆಪಟ್ಟ ಹೆಸರು ಅವರಿಗೆ ದಕ್ಕದೆ, ಅವರು ಅಗೆದು ಹೊರಗೆ ಹಾಕಿದ ಮಣ್ಣಿಗೆ ದಕ್ಕಿತು.

ಕತೆ ಬೇರೆಯಾಗುವುದು ಒಡ್ಡು ಒಡೆದ ದಿನದ ಸಂಜೆಯ ವಿಷಯದಲ್ಲಿ. ಇಳಿತ ಶುರುವಾದ ಮೇಲೆ ಜಟ್ಟಪ್ಪ ಒಂದು ಹಲಗೆ ಹಿಡಿದುಕೊಂಡು ಇದೇ ದಂಡೆಗೆ ಬಂದು ಬಿದ್ದ. ಅವನ ಮನೆಯವರು ಯಾರೂ ಜೊತೆಗಿರಲಿಲ್ಲ. ಅವನು ತೆವಳಿಕೊಂಡು ಬಂದು, "ಬೀರಮ್ಮ, ಒಂದು ಚೂರು ಜಾಗ ಕೊಡೆ," ಎಂದ. "ಬುಟ್ಟಿ ಎಲ್ಲಿ, ಜಟ್ಟಣ್ಣ?" ಎಂದಳು ಅವಳು. ಅವನು ಎರಡೂ ಕೈ ಮುಂದೆ ಚಾಚಿದ. ಅವುಗಳಲ್ಲಿ ಏನೂ ಇರಲಿಲ್ಲ. ಅವಳು ಮುಖ ತಿರುಗಿಸಿದಳು, ಅವನು ಮತ್ತೆ ನೀರಿಗೆ ಇಳಿದುಹೋದ ಎನ್ನುತ್ತಿದ್ದರು ಸಣ್ಣು ಅಂಬಿಗರು. ಬಡಗಣ ದಂಡೆಯವರೆಲ್ಲ ಹಾಗೆಯೇ ಹೇಳುತ್ತಾರೆ. ಇಲ್ಲ, ಅವಳು ಒಂದು ಗೇಣು ಸರಿದು ಕೂತಳು ಎನ್ನುತ್ತಿದ್ದಳು ನನ್ನ ಹೆಂಡತಿ. ಅದನ್ನು ಯಾರು ಹೇಳಿದರು ಎಂದು ಅವಳನ್ನು ಕೇಳಿ ಬರೆದಿಡಬೇಕೆಂದಿದ್ದೆ. ಕೇಳಲಿಲ್ಲ. ಬರುವ ಶ್ರಾವಣಕ್ಕೆ ಅವಳು ತೀರಿಕೊಂಡು ಎರಡು ವರ್ಷವಾಗುತ್ತದೆ.

ಅಳಿವೆಯ ನಡುವೆ ಈಗ ನೋಡಲು ಏನೂ ಇಲ್ಲ. ಆದರೂ ಹುಣ್ಣಿಮೆಯ ನಡುಹಗಲು ಅಲ್ಲಿ ದಾಟುವಾಗ ಅಂಬಿಗರು ಹುಟ್ಟು ಮೇಲೆತ್ತಿ ದೋಣಿಯನ್ನು ತನ್ನಷ್ಟಕ್ಕೆ ಹೋಗಲು ಬಿಡುತ್ತಾರೆ. ಆ ಹೊತ್ತಿನಲ್ಲಿ ದೋಣಿಯ ಅಡಿಯಿಂದ ಪೆಟ್ಟುಮಣೆಯ ಸದ್ದು ಕೇಳುತ್ತದೆ, ಒಬ್ಬರು ನಿಲ್ಲಿಸಿದ ಮೇಲೆ ಇನ್ನೊಬ್ಬರು ಬಡಿಯುತ್ತಾರೆ ಎನ್ನುತ್ತಾರೆ. ನಾನು ಎರಡು ಸಲ ಆ ದೋಣಿಯಲ್ಲಿದ್ದೆ. ಒಂದು ಸಲ ಏನೂ ಕೇಳಲಿಲ್ಲ. ಇನ್ನೊಂದು ಸಲ ಕೇಳಿದ್ದು ಏನೆಂದು ನಿಶ್ಚಯವಾಗಿ ಹೇಳಲಾರೆ. ದಂಡೆಯ ಕೆಂಪು ನೆಲ ಪ್ರತಿ ಮಳೆಗಾಲದಲ್ಲೂ ಕೊರೆದು ಹೋಗುತ್ತಿದೆ. ದಿಬ್ಬ ಮಾತ್ರ ಕರಗುವುದಿಲ್ಲ ಎನ್ನುತ್ತಾರೆ. ಅದನ್ನು ನಾಲ್ಕು ಮಳೆಗಾಲ ದಾರ ಹಿಡಿದು ಅಳೆದಿದ್ದೇನೆ, ವ್ಯತ್ಯಾಸ ಕಂಡಿಲ್ಲ. ದಿಬ್ಬದ ನೆತ್ತಿ ಸಮತಟ್ಟಾಗಿದೆ. ಅಲ್ಲಿ ಇಬ್ಬರು ಕೂರುವಷ್ಟು ಜಾಗವಿದೆ.